ಚೌಕಟ್ಟಿನೊಳಗೆ ಮಡಚಿಟ್ಟ ಅಜ್ಜಿ

ಮಕ್ಕಳೇ, ನಿಮ್ಮ ಶಾಲೆಯಲ್ಲೂ ವಂಶವೃಕ್ಷದ ಚಾರ್ಟ್ ಮಾಡಿಕೊಂಡು ಬರಲು ಹೇಳಿರುತ್ತಾರೆ. ಹಸಿರು ಕಾಗದದ ಒಂದು ಮರ, ಅದರ ಮೇಲೆ ಅಪ್ಪ, ಅಮ್ಮ, ಇಬ್ಬರು ತಾತಂದಿರು, ಇಬ್ಬರು ಅಜ್ಜಿಯರು. ಆರು ಪಾಸ್‌ಪೋರ್ಟ್ ಫೋಟೊ, ಒಂದು ಅಂಟಿನ ಟ್ಯೂಬು, ಮುಗಿಯಿತು. ಮೇಡಂ ಕೆಂಪು ಮಸಿಯಲ್ಲಿ ‘ಗುಡ್’ ಎಂದು ಬರೆದು ಗೋಡೆಗೆ ಹಾಕುತ್ತಾರೆ. ನಾನು ಕೇಳುವುದು ಒಂದೇ ಪ್ರಶ್ನೆ. ನಿಮ್ಮ ತಾತನ ಅಜ್ಜಿಯ ಹೆಸರೇನು?

ನಮ್ಮ ಕಾಟನ್‌ಪೇಟೆಯ ಬೀದಿಯಲ್ಲಿ ಸಿಕ್ಕಿದವರನ್ನೆಲ್ಲ ಇದನ್ನು ಕೇಳಿ ಬೈಸಿಕೊಂಡಿದ್ದೇನೆ. ತಾತನ ತಾತನ ಹೆಸರು ಹೇಗೋ ಹೊರಬರುತ್ತದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿಯಿಂದ ಒಂದು ಹೆಸರು ಮನೆಯಲ್ಲಿ ಸುತ್ತುತ್ತಲೇ ಇರುತ್ತದೆ. ಅಜ್ಜಿಯ ಹೆಸರು ಕೇಳಿದರೆ ‘ದೊಡ್ಡಜ್ಜಿ’ ಎನ್ನುತ್ತಾರೆ, ‘ಊರಜ್ಜಿ’ ಎನ್ನುತ್ತಾರೆ. ಅದು ಹೆಸರಲ್ಲ, ಕೂಗುವ ರೀತಿ.

ಹೋದ ದಸರಾ ರಜದಲ್ಲಿ ನಮ್ಮ ಹಿಂದಿನ ಸಾಲಿನ ಮನೆಯ ಹುಡುಗಿ, ಏಳನೇ ತರಗತಿಯವಳು, ಒಂದು ಗೋಡೆ ಫೋಟೊ ಹೊತ್ತುಕೊಂಡು ಬಂದಳು. ಅವರು ಮನೆ ಖಾಲಿ ಮಾಡಿ ಕೆಂಗೇರಿ ಕಡೆಯ ಫ್ಲ್ಯಾಟಿಗೆ ಹೋಗುವವರಿದ್ದರು. ಅಲ್ಲಿಯ ಗೋಡೆಗೆ ಮೊಳೆ ಹೊಡೆಯಬಾರದಂತೆ. ಹಳೆಯ ಫೋಟೊಗಳೆಲ್ಲ ಆಗಲೇ ಗುಜರಿಯವನ ಮೂಟೆಯ ಪಕ್ಕದಲ್ಲಿದ್ದವು. “ತಾತ, ಇದರಲ್ಲಿರೋರೆಲ್ಲ ಯಾರು ಅಂತ ತಿಂಗಳೊಳಗೆ ಗೊತ್ತಾದ್ರೆ ಇಟ್ಕೋಬಹುದು ಅಂದ್ರು ಅಪ್ಪ,” ಎಂದಳು.

ಕರಿ ಬಣ್ಣದ ಮರದ ಚೌಕಟ್ಟು, ಒಳಗೆ ಕಂದು ಬಣ್ಣಕ್ಕೆ ತಿರುಗಿದ ಗುಂಪು ಫೋಟೊ. ಕುರ್ಚಿಯಲ್ಲಿ ರುಮಾಲು ಸುತ್ತಿದ ಯಜಮಾನ, ಪಕ್ಕದಲ್ಲಿ ಅವನ ಹೆಂಡತಿ, ಹಿಂದೆ ಇಬ್ಬರು ಯುವಕರು, ಮುಂದೆ ನೆಲದ ಮೇಲೆ ಸ್ಲೇಟು ಹಿಡಿದ ಏಳೆಂಟು ವರ್ಷದ ಹುಡುಗ. ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯ ಕುಟುಂಬ ಎಂಬುದಷ್ಟೇ ಅವರಿಗೆ ಗೊತ್ತಿತ್ತು.

ಮೊದಲ ಪಾಠ ಇಲ್ಲಿಯೇ. ಹಳೆಯ ಫೋಟೊ ಸಿಕ್ಕಾಗ ಎಲ್ಲರೂ ಮುಖ ನೋಡುತ್ತಾರೆ. ನೀವು ಮೊದಲು ಬೆನ್ನು ನೋಡಿ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಚೆಕ್ಕು ತಿರುವಿ ಹಾಕಿದ ಅಭ್ಯಾಸ ನನ್ನದು; ಮುಂಭಾಗ ಹೇಳದ್ದನ್ನು ಹಿಂಭಾಗ ಹೇಳುತ್ತದೆ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಸಣ್ಣ ಮೊಳೆಗಳನ್ನು ಇಕ್ಕಳದಿಂದ ಕಿತ್ತು, ಹಲಗೆ ಮೆಲ್ಲಗೆ ತೆಗೆಯಬೇಕು. ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ. ಎಳೆದರೆ ಮುಖ ಗಾಜಿನ ಮೇಲೆ ಉಳಿದು ಕಾಗದ ಕೈಗೆ ಬರುತ್ತದೆ.

ನಮ್ಮದು ಅಂಟಿರಲಿಲ್ಲ. ಹಲಗೆಯ ಕೆಳಗೆ ಒಂದು ಕನ್ನಡ ದಿನಪತ್ರಿಕೆಯ ಹಾಳೆ ಸಿಕ್ಕಿತು. ಕಟ್ಟು ಹಾಕುವವರು ಧೂಳು ಹೋಗದಂತೆ ಹಳೆಯ ಪತ್ರಿಕೆ ಇಡುವುದು ವಾಡಿಕೆ. ತಾರೀಕಿನ ಮೂಲೆ ಹರಿದಿತ್ತು. ಆದರೆ ಬೆಲೆ ಆಣೆಯಲ್ಲಿತ್ತು. ನಮ್ಮ ದೇಶದಲ್ಲಿ ಆಣೆ ಪೈ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಹಾಳೆಯ ನಡುವೆ ಹೊಸ ಮೈಸೂರು ರಾಜ್ಯದ ಉದ್ಘಾಟನೆಯ ಸುದ್ದಿ ಇತ್ತು. ಅದು ನಡೆದದ್ದು 1956ರ ನವೆಂಬರ್ 1ರಂದು. ಅಲ್ಲಿಗೆ ಕಟ್ಟು ಹಾಕಿಸಿದ್ದು 1956ರ ಕೊನೆಯಲ್ಲಿ ಅಥವಾ ಆಮೇಲೆ ಎಂದಾಯಿತು. ಕಟ್ಟಿನ ಕಾಲ ಫೋಟೊದ ಕಾಲವಲ್ಲ. ಚೆಕ್ಕಿನ ತಾರೀಕು ಬೇರೆ, ಬ್ಯಾಂಕಿನ ಮುದ್ರೆಯ ತಾರೀಕು ಬೇರೆ ಇದ್ದ ಹಾಗೆ.

ಆ ಹಾಳೆ ಎತ್ತಿದಾಗ ಹುಡುಗಿ “ಅಯ್ಯೋ, ಇನ್ನೊಬ್ಬರಿದ್ದಾರೆ!” ಎಂದು ಕೂಗಿದಳು. ಫೋಟೊ ದೊಡ್ಡದು, ಚೌಕಟ್ಟು ಚಿಕ್ಕದು. ಎಡಗಡೆ ಮೂರು ಬೆರಳಿನಷ್ಟು ಭಾಗವನ್ನು ಹಿಂದಕ್ಕೆ ಮಡಚಿದ್ದರು. ಆ ಮಡಿಕೆಯಲ್ಲಿ ಒಬ್ಬ ತರುಣಿ ನಿಂತಿದ್ದಳು, ಕಂಕುಳಲ್ಲಿ ಕುಲಾವಿ ಹಾಕಿದ ಮಗು. ಮಡಿಕೆಯ ಬಿರುಕು ಅವಳ ಭುಜದ ಮೇಲೇ ಹಾದುಹೋಗಿತ್ತು. ಜಾಗ ಸಾಲದೆ ಮಡಚಿದರೋ, ಬೇಡವೆಂದು ಮಡಚಿದರೋ, ಫೋಟೊ ಹೇಳುವುದಿಲ್ಲ.

ಬೆನ್ನಿನ ಮೇಲೆ ಮಾಸಿದ ಮಸಿಯಲ್ಲಿ ‘ಪ್ರಭವ ಸಂ. ಶ್ರಾವಣ’ ಎಂದಷ್ಟೇ ಇತ್ತು. ಇದು ನೋಡಿ ಅಜ್ಜ ಅಜ್ಜಿಯರಿಗೆ ಗೊತ್ತಿರುವ, ಮೊಮ್ಮಕ್ಕಳಿಗೆ ಕಲಿಸಬೇಕಾದ ಲೆಕ್ಕ. ಸಂವತ್ಸರಗಳು ಅರವತ್ತು. ಪ್ರಭವದಿಂದ ಶುರುವಾಗಿ ಅಕ್ಷಯಕ್ಕೆ ಮುಗಿದು ಮತ್ತೆ ಪ್ರಭವ. ಈಗ ನಡೆಯುತ್ತಿರುವ ಸುತ್ತು 1987ರ ಯುಗಾದಿಯಂದು ಆರಂಭವಾಯಿತು. ಅದಕ್ಕೆ ಹಿಂದಿನದು 1927ರಲ್ಲಿ, ಅದಕ್ಕೂ ಹಿಂದಿನದು 1867ರಲ್ಲಿ. ನಿಮ್ಮ ಅಜ್ಜಿ ‘ಧಾತು ಈಶ್ವರದ ಬರ’ ಎಂದು ಹೇಳಿದ್ದು ಕೇಳಿದ್ದೀರಾ? ಧಾತು ಹತ್ತನೆಯದು, ಈಶ್ವರ ಹನ್ನೊಂದನೆಯದು. 1867ರಿಂದ ಎಣಿಸಿದರೆ 1876 ಮತ್ತು 1877. ಮೈಸೂರು ಸೀಮೆಯ ಮಹಾ ಬರಗಾಲದ ವರ್ಷಗಳು ಅವೇ. ಒಂದು ಎಚ್ಚರಿಕೆ: ಯುಗಾದಿ ಬರುವುದು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ. ಆದ್ದರಿಂದ ಪುಷ್ಯ, ಮಾಘ, ಫಾಲ್ಗುಣದ ತಾರೀಕುಗಳು ಸಾಮಾನ್ಯವಾಗಿ ಇಂಗ್ಲಿಷ್ ಲೆಕ್ಕದ ಮುಂದಿನ ವರ್ಷಕ್ಕೆ ಜಾರುತ್ತವೆ.

ನಮ್ಮ ಫೋಟೊ 1867ರದ್ದಾಗಲು ಸಾಧ್ಯವಿಲ್ಲ, ಹಿಂದೆ ನಿಂತ ಯುವಕನ ಕೈಯಲ್ಲಿ ಗಡಿಯಾರವಿದೆ. 1956ರ ಪತ್ರಿಕೆಯೊಂದಿಗೆ ಕಟ್ಟಿದ್ದರಿಂದ 1987 ಎನ್ನುವ ಮಾತೂ ಇಲ್ಲ. ಉಳಿದದ್ದು 1927ರ ಶ್ರಾವಣ. ಆ ತಿಂಗಳಲ್ಲೇ, ಆಗಸ್ಟ್ 8ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬ ನಡೆಯಿತು. ಆ ಸಂಭ್ರಮಕ್ಕೆಂದು ಈ ಕುಟುಂಬ ಪಟ್ಟಣಕ್ಕೆ ಬಂದು ಫೋಟೊ ತೆಗೆಸಿಕೊಂಡಿತೆ? ಹುಡುಗಿಗೆ ಹಾಗೇ ಬರೆಯುವ ಆಸೆ. ಊಹೆಯನ್ನು ಬೇರೆ ಹಾಳೆಯಲ್ಲಿ ಬರೆದುಕೋ, ಗೊತ್ತಾದದ್ದನ್ನು ಬೇರೆ ಹಾಳೆಯಲ್ಲಿ ಬರೆದುಕೋ ಎಂದೆ.

ಇನ್ನು ಮುಂಭಾಗ. ಸ್ಟುಡಿಯೊದ ಚಿತ್ರದಲ್ಲಿ ಯಾವುದನ್ನು ನಂಬಬಾರದು ಎಂಬುದನ್ನು ಮೊದಲು ಕಲಿಯಬೇಕು. ಹಿಂದಿನ ಕಂಬ, ತೋಟ, ಮೆಟ್ಟಿಲುಗಳೆಲ್ಲ ಬಟ್ಟೆಯ ಮೇಲೆ ಬಿಡಿಸಿದ ಪರದೆ. ಮೇಜು, ಹೂಕುಂಡ, ದಪ್ಪ ಪುಸ್ತಕ ಸ್ಟುಡಿಯೊದವರದು. ಕೋಟು ಕೂಡ ಅವರದೇ ಇರಬಹುದು. ನಮ್ಮ ಯಜಮಾನರ ಕೋಟಿನ ತೋಳು ಬೆರಳ ತನಕ ಇಳಿದಿತ್ತು. ನಂಬಬಹುದಾದದ್ದು ಕೈಕಾಲು, ಕಿವಿಯ ಆಕಾರ, ಮೈಮೇಲಿನ ಒಡವೆ, ಮತ್ತು ಯಾರು ಎಲ್ಲಿ ನಿಂತಿದ್ದಾರೆ ಎಂಬುದು. ಮಡಿಕೆಯ ತರುಣಿಯ ಕೊರಳಲ್ಲಿ ಅಡ್ಡಿಕೆ, ಸೊಂಟದಲ್ಲಿ ಡಾಬು. ಕುರ್ಚಿಯಲ್ಲಿ ಕುಳಿತ ಅತ್ತೆಯ ಮೈಮೇಲೂ ಅದೇ ಮಾದರಿಯವು. ಹುಡುಗಿಯ ಅಪ್ಪ “ಮಗು ಎತ್ಕೊಳ್ಳೋ ಕೆಲಸದೋಳಿರಬೇಕು ಬಿಡಿ ಸಾರ್” ಎಂದಿದ್ದರು. ಕೆಲಸದವಳಿಗೆ ಡಾಬು ತೊಡಿಸಿ ನಿಲ್ಲಿಸುವಷ್ಟು ದೊಡ್ಡ ಮನೆಯವರು ಕೋಟನ್ನು ಎರವಲು ಪಡೆಯುತ್ತಿರಲಿಲ್ಲ.

ಹುಡುಗಿಯ ಅಜ್ಜಿಗೆ ಎಂಬತ್ತೈದು ದಾಟಿದೆ. ಬೆಳಿಗ್ಗೆ ಹೊತ್ತು ಚುರುಕು, ಸಂಜೆಯ ಹೊತ್ತಿಗೆ ಮಾತು ಕಲಸಿಹೋಗುತ್ತದೆ. ಆದ್ದರಿಂದ ಕಾಫಿ ಆದ ಮೇಲೆ ಹೋದೆವು. ಯಜಮಾನ ತನ್ನ ತಾತ, ಸ್ಲೇಟಿನ ಹುಡುಗ ತನ್ನ ಅಪ್ಪ, ಹಿಂದೆ ನಿಂತವರು ದೊಡ್ಡಪ್ಪಂದಿರು ಎಂದರು. ಅಂಚಿನವಳನ್ನು ನೋಡಿ ತಲೆ ಆಡಿಸಿಬಿಟ್ಟರು. “ಗೊತ್ತಿಲ್ಲ ಕಣಪ್ಪ. ಇವಳನ್ನ ನಾನು ಕಂಡೇ ಇಲ್ಲ.”

ಅಲ್ಲಿಗೆ ಫೋಟೊ ಹೇಳುವುದು ನಿಂತಿತು. ಇನ್ನು ಕಾಗದಗಳ ಸರದಿ.

ಅಮೆರಿಕದ ಅಯೋವಾದಲ್ಲಿರುವ ನನ್ನ ತಮ್ಮನ ಮಗಳು ಇಂಥ ಕೆಲಸ ಅಲ್ಲಿ ಸುಲಭ ಎನ್ನುತ್ತಾಳೆ. ಅಲ್ಲಿಯ ಜನಗಣತಿಯಲ್ಲಿ 1850ರಿಂದ ಮನೆಯ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರನ್ನೂ ಬರೆದಿದ್ದಾರೆ. ಗುಲಾಮರಾಗಿದ್ದವರನ್ನು ಮಾತ್ರ ಹೆಸರಿಲ್ಲದೆ, ಬರೀ ವಯಸ್ಸು ಹಾಕಿ ಎಣಿಸಿದ್ದರು. 72 ವರ್ಷ ಕಳೆದ ಮೇಲೆ ಆ ಹಾಳೆಗಳನ್ನು ಎಲ್ಲರಿಗೂ ತೆರೆದಿಡುತ್ತಾರೆ. 1950ರದ್ದು 2022ರಲ್ಲಿ ಹೊರಬಂತು. 1880ರ ಸುಮಾರಿಗೆ ಅಲ್ಲಿಯ ಕೃಷಿ ಸೀಮೆಗಳಲ್ಲಿ ಪ್ರಕಾಶಕರು ಮನೆಮನೆಗೆ ಹೋಗಿ ರೈತರ ಚರಿತ್ರೆ ಬರೆದುಕೊಂಡು ದಪ್ಪ ಪುಸ್ತಕ ಮಾಡುತ್ತಿದ್ದರಂತೆ. ದುಡ್ಡು ಕೊಟ್ಟವರದೇ ಚಿತ್ರ, ಅವರದೇ ಹೊಗಳಿಕೆ. ಹಾಗೆಂದು ಅಲ್ಲಿ ಎಲ್ಲವೂ ಉಳಿದಿಲ್ಲ. 1890ರ ಗಣತಿಯ ಬಹುಪಾಲು 1921ರ ಬೆಂಕಿ ಅನಾಹುತದಲ್ಲಿ ನಷ್ಟವಾಯಿತು. ನಮ್ಮಲ್ಲಿ ಗಣತಿಯವರು ಬರೆದುಕೊಂಡ ಮನೆಮನೆಯ ವಿವರ ಗುಟ್ಟಾಗಿರಬೇಕೆಂದು ಕಾನೂನೇ ಇದೆ. ಹೊರಬರುವುದು ಬರೀ ಲೆಕ್ಕ.

ನಮ್ಮ ದಾರಿ ಬೇರೆ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬಂದು, ಬಾಗಿಲಲ್ಲಿ ನಿಂತು, ಆ ಮನೆತನ ಎಲ್ಲಿಂದ ಬಂತು, ಯಾರ ಮಗ ಯಾರು, ಕವಲು ಎಲ್ಲಿ ಒಡೆಯಿತು ಎಂದು ಹಾಡಿನಂತೆ ಹೇಳಿ ಕಾಳುಕಡ್ಡಿ ಪಡೆದು ಹೋಗುತ್ತಿದ್ದರು. ಹೊಸ ಕೂಸು ಹುಟ್ಟಿದ್ದರೆ ಅದನ್ನೂ ಸೇರಿಸಿಕೊಳ್ಳುತ್ತಿದ್ದರು. ಕಾಶಿಗೋ ಹರಿದ್ವಾರಕ್ಕೋ ಹೋಗಿ ಬಂದ ಹಿರಿಯರಿದ್ದರೆ ಅಲ್ಲಿಯ ಪಂಡರ ವಹಿಯಲ್ಲಿ ಅವರ ಊರು, ಹೆಸರು ಸಿಗಬಹುದು. ಇದಾವುದೂ ಇಲ್ಲದಿದ್ದರೆ ಮನೆದೇವರನ್ನು ಹಿಡಿಯಿರಿ. ಬೆಂಗಳೂರಲ್ಲಿ ನಾಲ್ಕು ತಲೆಮಾರು ಕಳೆದವರೂ ಮನೆದೇವರ ಊರನ್ನು ಬಿಟ್ಟಿರುವುದಿಲ್ಲ. ನಿಮ್ಮ ಹೆಸರಿನ ಮುಂದಿನ ಇನಿಷಿಯಲ್ ಏನೆಂದು ಕೇಳಿದ್ದೀರಾ? ಮೈಸೂರು ಕಡೆ ಮೊದಲನೆಯ ಅಕ್ಷರ ಹೆಚ್ಚಾಗಿ ಊರಿನದು. ಊರಿನ ಹೆಸರು ಬದಲಾಗಿರಬಹುದು ಎಂಬುದೂ ನೆನಪಿರಲಿ. ಇಂದಿನ ರಾಮನಗರ ಹಿಂದೆ ಕ್ಲೋಸ್‌ಪೇಟೆ, ಚಾಮರಾಜನಗರ ಅರಿಕುಠಾರ. ಮಾಗಡಿ 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿತು; ಹಳೆಯ ಕಾಗದಗಳಲ್ಲಿ ಅದು ಬೆಂಗಳೂರು ಜಿಲ್ಲೆಯೇ.

ಊರಿನ ಲೆಕ್ಕಪತ್ರವೆಲ್ಲ ಒಂದು ಕಾಲದಲ್ಲಿ ಶಾನುಭೋಗರ ಮನೆಯಲ್ಲಿರುತ್ತಿತ್ತು. ಕಾಗದ ಬರುವ ಮೊದಲು ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಅದರ ಹೆಸರು ಕಡತ. ಈಗ ಕಚೇರಿಯ ಫೈಲಿಗೆ ಆ ಹೆಸರು ಬಂದಿದೆ, ಬಟ್ಟೆ ಹೋಗಿದೆ. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳನ್ನು ತೆಗೆದುಹಾಕಿದ ಕಾನೂನು 1961ರದ್ದು.

ಕಾಗದ ಹುಡುಕಲು ನಮ್ಮ ಹುಡುಗಿ ದೂರ ಹೋಗಬೇಕಾಗಲಿಲ್ಲ. ಅಜ್ಜಿಯ ಮಂಚದ ಕೆಳಗಿನ ತಗಡಿನ ಟ್ರಂಕಿನಲ್ಲಿ ಕಂದಾಯದ ರಸೀದಿಗಳ ಕಟ್ಟಿನ ಅಡಿಯಲ್ಲಿ ಒಂದು ಪಾಲುಪಾರಿಕತ್ತು ಸಿಕ್ಕಿತು, ಅಂದರೆ ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡ ಪತ್ರ. ಛಾಪಾಕಾಗದ, ಧಾತು ಸಂವತ್ಸರ. ಎಣಿಸಿ ನೋಡಿ ಮಕ್ಕಳೇ: ಪ್ರಭವ 1927 ಆದರೆ ಹತ್ತನೆಯದು ಯಾವುದು? 1936.

ಹಳೆಯ ಪತ್ರ ಓದಲು ಎರಡು ಪದ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ‘ಬಿನ್’ ಎಂದರೆ ಇಂಥವರ ಮಗ, ಅರಬ್ಬಿಯಿಂದ ಬಂದ ಮಾತು. ‘ಕೋಂ’ ಎಂದರೆ ಇಂಥವರ ಹೆಂಡತಿ. ಆಮೇಲೆ ಚಕ್ಕುಬಂದಿ: ಜಮೀನಿನ ನಾಲ್ಕು ದಿಕ್ಕಿಗೆ ಯಾರ ಹೊಲ, ಯಾವ ಕಾಲುವೆ, ಯಾವ ಮರ ಎಂಬುದು. ಪಕ್ಕದ ಹೊಲದವರು ಎಷ್ಟೋ ಸಲ ದಾಯಾದಿಗಳೇ ಆಗಿರುತ್ತಾರೆ. ವಂಶವೃಕ್ಷದ ಕಳೆದುಹೋದ ಕೊಂಬೆ ಪೂರ್ವಕ್ಕೋ ಪಶ್ಚಿಮಕ್ಕೋ ಸಿಗುತ್ತದೆ. ಕೊನೆಯಲ್ಲಿ ಸಾಕ್ಷಿಗಳು, ಅವರ ಕೆಳಗೆ ಬಿಕ್ಕಲಂ, ಎಂದರೆ ಪತ್ರ ಬರೆದವನು.

ಈ ಪತ್ರದಲ್ಲಿ ಪಾಲುದಾರರು ಮೂವರು. ಎರಡನೆಯ ಮಗ ಒಬ್ಬ. ಇನ್ನೂ ವಯಸ್ಸಿಗೆ ಬರದ ಕಿರಿಯ ಮಗ ಇನ್ನೊಬ್ಬ, ನಮ್ಮ ಸ್ಲೇಟಿನ ಹುಡುಗ. ಅವನ ಪರವಾಗಿ ಅವನ ತಾಯಿ. ಮೂರನೆಯವಳು ಒಬ್ಬ ಹೆಂಗಸು, ಒಂದು ಹೆಸರು, ‘ಕೋಂ ಲೇಟ್’, ಆಮೇಲೆ ಹಿರಿಯ ಮಗನ ಹೆಸರು. ಅವಳ ಪಾಲಿಗೆ 1 ಎಕರೆ 10 ಗುಂಟೆ ಖುಷ್ಕಿ ಮತ್ತು ಮನೆಯ ಹಿತ್ತಲ ಕೋಣೆ.

ಗಂಡ ಸತ್ತ ಸೊಸೆಗೆ 1936ರಲ್ಲಿ ಪಾಲು ಸಿಕ್ಕಿತೆ ಎಂದು ಅಜ್ಜಿಯರು ಕೇಳಬಹುದು. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ಬಂದಿತ್ತು. ಕೂಡುಕುಟುಂಬ ಪಾಲಾಗುವಾಗ ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಸಿಗುವ ದಾರಿ ಅದು ಮಾಡಿಕೊಟ್ಟಿತು. ಬ್ರಿಟಿಷ್ ಭಾರತದಲ್ಲಿ ವಿಧವೆಯರಿಗಾಗಿ ಅಂಥದ್ದು ಬಂದದ್ದು ನಾಲ್ಕು ವರ್ಷದ ಮೇಲೆ, 1937ರಲ್ಲಿ. ಆ ಕಾನೂನು ಇಲ್ಲದಿದ್ದರೆ ಈ ಹೆಂಗಸಿನ ಹೆಸರು ಯಾವ ಕಾಗದದ ಮೇಲೂ ಬರುತ್ತಿತ್ತೋ ಇಲ್ಲವೋ.

ಕೊನೆಯ ಹಾಳೆಯನ್ನು ನಾನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದೆ. ಕೌಂಟರಿನಲ್ಲಿ ಕುಳಿತು ಸಾವಿರಾರು ರುಜು ತಾಳೆ ನೋಡಿದವನು ನಾನು. ಎರಡನೆಯ ಮಗನದು ಎಡಗೈ ಹೆಬ್ಬೆಟ್ಟು. ಅತ್ತೆಯದೂ ಹೆಬ್ಬೆಟ್ಟು. ಇಬ್ಬರು ಸಾಕ್ಷಿಗಳಲ್ಲಿ ಒಬ್ಬನದು ಹೆಬ್ಬೆಟ್ಟು. ಸೊಸೆಯ ಎದುರಿಗೆ ರುಜು. ದುಂಡು ಅಕ್ಷರ, ನಿಧಾನವಾಗಿ, ಎಲ್ಲೂ ಮಸಿ ಚೆಲ್ಲದೆ, ಒತ್ತಕ್ಷರ ಸರಿಯಾಗಿ ಕೆಳಗೆ ಕೂರಿಸಿ ಬರೆದದ್ದು.

ಪತ್ರದಲ್ಲಿದ್ದ ಸರ್ವೆ ನಂಬರನ್ನು ಹಿಡಿದು ಹುಡುಗಿಯ ಅಪ್ಪ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ ಹಳೆಯ ಖಾತೆಯ ನಕಲು ತಂದರು. ಅಷ್ಟು ಹೊತ್ತಿಗೆ ಅವರಿಗೂ ಹುಚ್ಚು ಹಿಡಿದಿತ್ತು. 1953ರಲ್ಲಿ ಫೌತಿ ಖಾತೆ ಆಗಿದೆ, ಎಂದರೆ ಖಾತೆದಾರರು ಸತ್ತು ಜಮೀನು ವಾರಸುದಾರರ ಹೆಸರಿಗೆ ಹೋಗಿದೆ. ಆ 1 ಎಕರೆ 10 ಗುಂಟೆ ಸ್ಲೇಟಿನ ಹುಡುಗನ ಹೆಸರಿಗೆ ಬಂದಿದೆ. ಅಲ್ಲಿಗೆ ಆಕೆ ತೀರಿಕೊಂಡದ್ದು 1953ರಲ್ಲಿ ಅಥವಾ ಅದಕ್ಕೆ ಸ್ವಲ್ಪ ಮುಂಚೆ. ಹುಡುಗಿ ಬೆರಳು ಮಡಚಿ ಎಣಿಸಿದಳು. “ತಾತ, ಆವಾಗ ಅಜ್ಜಿಗೆ ಹನ್ನೆರಡು ಹದಿಮೂರು ವರ್ಷ. ನೋಡಿರಲೇಬೇಕಲ್ವಾ?”

ಮರುದಿನ ಬೆಳಿಗ್ಗೆ ಮತ್ತೆ ಹೋದೆವು. ಈ ಸಲ ಫೋಟೊ ತೋರಿಸಲಿಲ್ಲ. ಹಿರಿಯರನ್ನು ‘ಇದು ಯಾರು, ಯಾವ ವರ್ಷ’ ಎಂದು ಪೊಲೀಸರ ಹಾಗೆ ಕೇಳಬಾರದು. ಊರಿನ ಮನೆ ಹೇಗಿತ್ತು, ಒಲೆ ಎಲ್ಲಿತ್ತು, ಬಚ್ಚಲಿಗೆ ನೀರು ಯಾರು ಸೇದುತ್ತಿದ್ದರು ಎಂದು ಕೇಳಬೇಕು. ಅಜ್ಜಿ ಹಜಾರ ದಾಟಿದರು, ಅಡುಗೆಮನೆ ದಾಟಿದರು. “ಹಿತ್ತಲ ಕೋಣೇಲಿ ಯಾರಿದ್ರು ಅಜ್ಜಿ?” ಎಂದಳು ಮೊಮ್ಮಗಳು.

“ಹಿತ್ತಲಜ್ಜಿ ಇದ್ಳಲ್ಲೇ. ಕೆಂಪು ಸೀರೆ ಉಟ್ಕೊಂಡು, ತಲೆ ಬೋಳಿಸ್ಕೊಂಡು. ನಂಗೆ ಅಕ್ಷರ ತಿದ್ಸಿದ್ದೇ ಅವಳು, ಮರಳು ಹರಡಿ. ರಾತ್ರಿ ಬುಡ್ಡಿ ಇಟ್ಕೊಂಡು ಜೈಮಿನಿ ಭಾರತ ಓದೋಳು. ಹೆಂಗಸ್ರೆಲ್ಲ ಬಂದು ಕೂತ್ಕೊಳ್ಳೋರು.”

ಆಗ ಫೋಟೊ ಕೊಟ್ಟೆವು. ಅಜ್ಜಿ ಕನ್ನಡಕ ಒರೆಸಿಕೊಂಡು ತುಂಬ ಹೊತ್ತು ನೋಡಿದರು. ಕೂದಲು, ಕುಂಕುಮ, ಒಡವೆ ತುಂಬಿದ ಇಪ್ಪತ್ತರ ಆಸುಪಾಸಿನ ಮುಖದಲ್ಲಿ ತಾನು ಕಂಡ ಮುದುಕಿಯನ್ನು ಹುಡುಕುತ್ತಿದ್ದರು. ಮುದುಕಿ ಎಂದರೂ ಸಾಯುವಾಗ ಆಕೆಗೆ ಐವತ್ತು ಆಗಿತ್ತೋ ಇಲ್ಲವೋ. “ಕಿವಿ,” ಎಂದರು ಕೊನೆಗೆ. “ಕಿವಿ ಹಿಂಗೇ ಅಗಲ. ಓದ್ವಾಗ ದೀಪದ ಬೆಳಕು ಬೀಳೋದು.”

ಹೆಸರು ಏನೆಂದು ಕೇಳಿದೆ. “ಹಿತ್ತಲಜ್ಜಿ ಅಂತಾನೇ ಕಣಪ್ಪ.” ಮೊಮ್ಮಗಳು ಪತ್ರದಿಂದ ಹೆಸರು ಓದಿದಳು. ಅಜ್ಜಿ ಅದನ್ನು ಎರಡು ಸಲ ಮೆಲ್ಲಗೆ ಹೇಳಿಕೊಂಡು, ಪೆನ್ಸಿಲ್ ಕೇಳಿದರು. ಫೋಟೊದ ಬೆನ್ನಿನ ಮೇಲೆ ತಾವೇ ಬರೆದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಖಾತೆದಾರರ ವಿಷಯ ಹೊರಗೆ ಆಡಬಾರದೆಂಬುದು ನಮ್ಮ ಕೆಲಸದ ಚಾಳಿ. ಮೇಲಾಗಿ ಅದು ಅವರ ಮನೆಯ ಸ್ವತ್ತು.

ಪೆನ್ಸಿಲ್ ಎಂದೆ, ಗಮನಿಸಿದಿರಾ? ಮೆತ್ತನೆಯ ಪೆನ್ಸಿಲ್ಲೇ ಆಗಬೇಕು. ಬಾಲ್‌ಪೆನ್ನು ಮುಂದಿನ ಮುಖಕ್ಕೆ ಗೆರೆ ಮೂಡಿಸುತ್ತದೆ. ಸೆಲ್ಲೊಟೇಪು ಹಚ್ಚಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಕಿಟಕಿಯ ಪಕ್ಕ, ಬಿಸಿಲು ನೇರವಾಗಿ ಬೀಳದ ಕಡೆ ಇಟ್ಟು ಮೊಬೈಲಿನಲ್ಲಿ ಮುಂದೆ, ಹಿಂದೆ ಎರಡೂ ತೆಗೆದಿಟ್ಟುಕೊಳ್ಳಿ. ಶಾಲೆಯ ಚಾರ್ಟಿಗೆ ಆ ಪ್ರತಿ ಅಂಟಿಸಿ, ಅಸಲನ್ನಲ್ಲ.

ದೊಡ್ಡವರಿಗೆ ಒಂದು ಮಾತು. ಕಚೇರಿಯಲ್ಲಿ ಕೊಡುವ ವಂಶವೃಕ್ಷ ಆಸ್ತಿಗಾಗಿ ಮಾಡಿಸುವುದು. ಅದರಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟು ಬರೆಸುತ್ತಿದ್ದವರನ್ನು ನಾನು ಕಂಡಿದ್ದೇನೆ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ, ಹೆಣ್ಣುಮಕ್ಕಳೂ ಕೂಡುಕುಟುಂಬದ ಆಸ್ತಿಗೆ ಸಮ ಹಕ್ಕುದಾರರು. ಮೊಮ್ಮಕ್ಕಳು ಹಳೆಯ ಪತ್ರ ಕೇಳಿದರೆ ‘ಅದೆಲ್ಲ ನಿನಗ್ಯಾಕೆ’ ಎಂದು ಟ್ರಂಕು ಮುಚ್ಚಬೇಡಿ. ಮುಚ್ಚಲೇಬೇಕೆನ್ನುವ ಕಾರಣ ನಿಮಗಿದ್ದರೆ, ಅದು ಯಾಕೆಂದು ನನಗೂ ಗೊತ್ತು, ನಿಮಗೂ ಗೊತ್ತು.

ಫೋಟೊಗೆ ಈಗ ಅಗಲವಾದ ಹೊಸ ಚೌಕಟ್ಟು ಹಾಕಿಸಿದ್ದಾರೆ. ಮಡಿಕೆಯ ಗೆರೆ ಹಾಗೇ ಇದೆ. ಮೊಳೆ ಹೊಡೆಯುವಂತಿಲ್ಲದ್ದರಿಂದ ಟಿ.ವಿ. ಪಕ್ಕದ ಕಪಾಟಿನ ಮೇಲೆ ಒರಗಿಸಿದ್ದಾರಂತೆ. ಉಳಿದಿರುವುದು ಕಂಕುಳಲ್ಲಿರುವ ಮಗು. 1936ರ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ, ಅಜ್ಜಿಗೂ ಅಂಥ ಮಗುವಿನ ನೆನಪಿಲ್ಲ. ಗಂಡೋ ಹೆಣ್ಣೋ ಕುಲಾವಿಯಲ್ಲಿ ತಿಳಿಯುವುದಿಲ್ಲ. ಬದುಕಿದ್ದರೆ 1932, 33ರ ಹೊತ್ತಿಗೆ ಶಾಲೆಗೆ ಸೇರುವ ವಯಸ್ಸು. ಆ ಊರಿನ ಪ್ರಾಥಮಿಕ ಶಾಲೆ ಹಳೆಯದು. ಹೆಡ್‌ಮಾಸ್ತರರ ಬೀರುವಿನಲ್ಲಿ ಮೊದಮೊದಲ ದಾಖಲಾತಿ ಪುಸ್ತಕಗಳು ಇವೆಯೇ ಎಂದು ಕೇಳಿ ಹುಡುಗಿ ತಾನೇ ಕಾಗದ ಬರೆದಿದ್ದಾಳೆ. ಸಂಕ್ರಾಂತಿ ರಜಕ್ಕೆ ಅಪ್ಪನ ಜೊತೆ ಹೋಗುತ್ತಾಳಂತೆ.